ಸುಡದ ಕೊರಳು

ಲೋಟ ಖಾಲಿಯಾಗುವವರೆಗೂ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನೋಡಿದರು.

ಕಮಲಿಗೆ ಅದರ ಪರಿವೆ ಇರಲಿಲ್ಲ. ಗಂಟಲಿನ ಗಡ್ಡೆಗೆ ಕರೆಂಟು ಕೊಡುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಸ್ಟೀಲಿನ ಲೋಟ ಎತ್ತಿ, ಮುರುಗಲ ನೀರನ್ನು ಗಟಗಟ ಕುಡಿದು ಮುಗಿಸಿದಳು. ಗಂಡ ರಮಾನಂದ ಹೆಗಲ ಮೇಲಿನ ಟವೆಲಿನ ತುದಿಯಿಂದ ಅವಳ ಬಾಯಿ ಒರೆಸಿದ. ತಂಗಿ ವನಮಾಲಾ ಖಾಲಿ ಲೋಟ ಇಸಿದುಕೊಂಡಳು.

"ಅದೆಂಥದು, ಕೆಂಪಗೆ?" ಡಾಕ್ಟರಮ್ಮ ಕೇಳಿದರು.

ಮುರುಗಲ ಹಣ್ಣಿನ ನೀರು, ಮನೆಯಲ್ಲೇ ಮಾಡಿದ್ದು, ಮೈಗೆ ತಂಪು ಅಂತ ವನಮಾಲಾ ಹೇಳಿದಳು.

"ಹುಳಿ ಇರ್ತದಲ್ಲ?"

"ಹುಳಿಗೇ ಕುಡಿಯೂದು ಅದನ್ನ."

ಡಾಕ್ಟರಮ್ಮ ಬಂದು ಕಮಲಿಯ ಪಕ್ಕ ಕೂತರು. ಗಲ್ಲ ಎತ್ತಿ, ಕುತ್ತಿಗೆಯನ್ನು ಈ ಮಗ್ಗುಲು ಆ ಮಗ್ಗುಲು ತಿರುಗಿಸಿ ನೋಡಿದರು. ಬೆರಳಿನಿಂದ ಒತ್ತಿದರು. ಬಾಯಿ ತೆರೆಸಿ ಟಾರ್ಚು ಬಿಟ್ಟರು. ಎಲ್ಲ ನೋಡಿಯಾದ ಮೇಲೂ ಅವರ ಮುಖ ಸಡಿಲವಾಗಲಿಲ್ಲ.

"ಇಷ್ಟು ವಾರ ಕರೆಂಟು ಆದ ಗಂಟಲಿನಲ್ಲಿ ಹುಳಿ ಇಳಿಯುವುದಿಲ್ಲ ಅಮ್ಮ. ನೀರು ನುಂಗ್ಲಿಕ್ಕೇ ಜನ ಅಳ್ತಾರೆ. ಈ ಚರ್ಮ ಇಷ್ಟರಲ್ಲಿ ಕಪ್ಪಾಗಿ ಸುಲಿದು ಬರಬೇಕಿತ್ತು."

ವನಮಾಲಾಳ ಕೈಯಲ್ಲಿದ್ದ ಲೋಟ ಒಮ್ಮೆಲೇ ಭಾರವಾಯಿತು.

ಆ ಸುಡದ ಕೊರಳೊಂದೇ ಮನೆಯವರಿಗೆ ಇಷ್ಟು ದಿನ ಸಮಾಧಾನ ಕೊಟ್ಟಿತ್ತು. ಸೊಸೆ ಅಂಕಿತಾ ಅತ್ತೆಗೆ ಕೈಮದ್ದು ಹಾಕಿದಳೆಂದು ರಮಾನಂದ ಅವಳನ್ನು ಕುಮಟೆಯ ತವರಿಗೆ ಕಳಿಸಿ, ಹೆಂಡತಿಯನ್ನು ಕಾಯ್ಕಿಣಿ ಕಡೆಯ ಮದ್ದು ತೆಗೆಯುವವನ ಹತ್ತಿರ ಒಯ್ದು ವಾಂತಿ ಮಾಡಿಸಿ ತಂದಿದ್ದ. ಅಷ್ಟೆಲ್ಲ ಆದ ಮೇಲೂ ಕೊರಳು ಮಾತ್ರ ಹೂವಿನ ಹಾಗಿದೆಯಲ್ಲ, ದೇವರು ದೊಡ್ಡವನು ಅಂತ ಶಿರಾಲಿಯ ಆ ಕೇರಿಯಲ್ಲಿ ಹೇಳದವರಿರಲಿಲ್ಲ. ವನಮಾಲಾ ತಾನೇ ಹರಕೆಯ ಕಾಯಿ ಒಡೆಸಿದ್ದಳು.

ಕೈಮದ್ದು ಅಂದರೆ ಆ ಕಡೆ ಚಿಕ್ಕ ಮಾತಲ್ಲ. ಊಟದಲ್ಲಿ ಕದ್ದು ಬೆರೆಸುವಂಥದು. ಹೊಟ್ಟೆ ಸೇರಿದರೆ ಮನುಷ್ಯನನ್ನು ಒಳಗಿಂದ ಕೊರೆಯುತ್ತದೆ ಅಂತ ನಂಬುತ್ತಾರೆ. ಕಮಲಿ ತಾನೇ ಬಾಯಿಬಿಟ್ಟು ಹೇಳಿದ್ದಾಳೆಂದ ಮೇಲೆ ನಂಬದೆ ಮತ್ತೇನು ಮಾಡುತ್ತಾರೆ?

ಡಾಕ್ಟರಮ್ಮ ವನಮಾಲಾಳನ್ನು ಒಳಗೆ ಕರೆದರು. ರಮಾನಂದ ಕರೆಯದೆಯೇ ಹಿಂದೆ ಬಂದ.

ಬೇರೆ ಏನಾದರೂ ಕೊಡುತ್ತಿದ್ದೀರಾ, ಮುಚ್ಚಿಡಬೇಡಿ ಅಂತ ಕೇಳಿದರು. ಏನೂ ಇಲ್ಲ ಅಂದಳು. ಹೊನ್ನಾವರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ಅವಳು ಎಷ್ಟೋ ಜನರ ಬಾಯಿಂದ ಅದೇ 'ಏನೂ ಇಲ್ಲ' ಕೇಳಿದ್ದಳು. ತನ್ನ ಬಾಯಿಂದ ಬಂದಾಗ ಅದು ಅಷ್ಟೇ ಪೊಳ್ಳಾಗಿ ಕೇಳಿಸಿತು.

ಡಾಕ್ಟರಮ್ಮ ಮಂಗಳೂರು ಕಡೆಯವರು. ಅವಸರ ಮಾಡದೆ ಬಿಡಿಸಿ ಹೇಳಿದರು. ಕರೆಂಟು ಅಂತ ಜನ ಕರೆಯುವ ಕಿರಣ ಗಡ್ಡೆಯೊಳಗೆ ಹೊಕ್ಕಾಗ ಅಲ್ಲಿ ಒಂದು ಜಾತಿಯ ಪುಂಡ ಕಣಗಳು ಹುಟ್ಟುತ್ತವೆ. ಫ್ರೀ ರ್ಯಾಡಿಕಲ್ ಅಂತ ಹೆಸರು. ಜೊತೆ ತಪ್ಪಿದ ಕಣಗಳು ಅವು. ಪಕ್ಕದಲ್ಲಿ ಇದ್ದದ್ದರಿಂದ ಕಿತ್ತುಕೊಂಡರೇ ಅವಕ್ಕೆ ನೆಮ್ಮದಿ. ಹಾಗೆ ಕಿತ್ತು ಕಿತ್ತೇ ಗಡ್ಡೆಯ ಜೀವಕೋಶಗಳನ್ನು ಕೊಲ್ಲುತ್ತವೆ. ಆ ಹಾವಳಿಯಲ್ಲಿ ಸುತ್ತಲಿನ ಒಳ್ಳೆಯ ಚರ್ಮವೂ ಒಂದಿಷ್ಟು ಸುಡುತ್ತದೆ, ಬಾಯಿ ಹುಣ್ಣಾಗುತ್ತದೆ, ನಾಲಗೆಗೆ ಅನ್ನ ಮಣ್ಣಿನ ಹಾಗಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಅದು ನಿಧಾನಕ್ಕೆ ವಾಸಿಯಾಗುತ್ತದೆ. ಆದರೆ ಆಂಟಿಆಕ್ಸಿಡೆಂಟ್ ಅಂತ ಡಬ್ಬದಲ್ಲಿ ಬರುವ ಪುಡಿ, ಗುಳಿಗೆಗಳಿವೆಯಲ್ಲ, ಅವುಗಳ ಕೆಲಸವೇ ಈ ಪುಂಡ ಕಣಗಳನ್ನು ಹಿಡಿದು ಸುಮ್ಮನಾಗಿಸುವುದು. ಕರೆಂಟಿನ ದಿನಗಳಲ್ಲಿ ಅಂಥದು ದೊಡ್ಡ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಚರ್ಮವನ್ನೂ ಕಾಯಬಹುದು, ಗಡ್ಡೆಯನ್ನೂ ಕಾಯಬಹುದು.

"ಅವು ಕಾವಲು ನಿಂತರೆ, ಒಳಗಿರುವವ ಮನೆಯವನೋ ಕಳ್ಳನೋ ಅಂತ ನೋಡುವುದಿಲ್ಲ," ಅಂದರು ಡಾಕ್ಟರಮ್ಮ.

"ಅಂದ್ರೆ ನೀವು ಕಳ್ಳನ್ನ ಹಿಡಿಲಿಕ್ಕೆ ಕಳ್ಸಿದ ಪೊಲೀಸ್ರನ್ನ ಯಾರೋ ಬಾಗಿಲಲ್ಲೇ ಕೂರ್ಸಿ ಚಾ ಕುಡಿಸ್ತಾ ಇದ್ದಾರೆ," ಅಂದಳು ವನಮಾಲಾ.

ಡಾಕ್ಟರಮ್ಮ ಆ ದಿನ ಮೊದಲ ಸಲ ನಕ್ಕರು. ಆಮೇಲೆ, ತಾನು ಖಾತ್ರಿಯಾಗಿ ಹೇಳುವ ಹಾಗಿಲ್ಲ, ಕೆಲವರ ಮೈ ತಡವಾಗಿ ಸುಡುತ್ತದೆ ಅಂದರು. ಹಣ್ಣು, ತರಕಾರಿ, ಈ ಮುರುಗಲ ನೀರು ಇವುಗಳ ಮೇಲೆ ತನಗೆ ಸಂಶಯವಿಲ್ಲ. ಅದರ ಜೊತೆ ಬೇರೇನು ಒಳಗೆ ಹೋಗುತ್ತಿದೆ ಅನ್ನುವುದು ತಿಳಿಯಬೇಕು. ಸೋಮವಾರ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಗಡ್ಡೆ ಕರಗಿರದಿದ್ದರೆ, ಕಾರಣವೂ ತಿಳಿಯದಿದ್ದರೆ, ಕರೆಂಟು ನಿಲ್ಲಿಸಿ ಗಂಟಲಪೆಟ್ಟಿಗೆಯನ್ನೇ ತೆಗೆಯುವ ಮಾತು ಬರುತ್ತದೆ. ಕಾರಣ ತಿಳಿದರೆ ಉಳಿದ ಕರೆಂಟನ್ನು ಸರಿಯಾಗಿ ಕೊಟ್ಟು ನೋಡಬಹುದು.

ಅಷ್ಟು ಹೊತ್ತೂ ಗೋಡೆಗೆ ಒರಗಿದ್ದ ರಮಾನಂದ ಆಗ ಬಾಯಿ ತೆರೆದ. "ಪೆಟ್ಟಿಗೆ ತೆಗೆದ್ರೆ ಮಾತು ಪೂರ್ತಿ ಹೋಗ್ತದಾ ಅಮ್ಮ?"

ಸ್ವಂತ ದನಿ ಹೋಗುತ್ತದೆ, ಬೇರೆ ಉಪಾಯಗಳಿವೆ, ಕಲಿಯಬೇಕಾಗುತ್ತದೆ ಅಂತ ಅವರು ಹೇಳಿದರು.

"ಪೂರ್ತಿ?" ರಮಾನಂದ ಮತ್ತೆ ಕೇಳಿದ.

ಪಾಪ ಅನಿಸಿತು ವನಮಾಲಾಳಿಗೆ. ಭಟ್ಕಳದ ಮೀನು ಮಾರ್ಕೆಟ್ಟಿನಲ್ಲಿ ಕಮಲಿಯ ದನಿ ಕೇಳದವರು ಯಾರು? ಬಂಗಡೆ ಬುಟ್ಟಿ ಇಳಿಸಿ ಅವಳು ಒಂದು ಕೂಗು ಹಾಕಿದರೆ ಬಸ್ಸಿನಲ್ಲಿ ಕೂತವರೂ ತಿರುಗುತ್ತಿದ್ದರು. ಗಿರಾಕಿಯನ್ನು ಹೆಸರು ಹಿಡಿದೇ ಕರೆಯಬೇಕು ಅವಳಿಗೆ. ಅವರ ಅಪ್ಪ, ಅಜ್ಜ, ಸಾಕಿದ ನಾಯಿ, ಎಲ್ಲರ ಹೆಸರೂ ಅವಳಿಗೆ ಗೊತ್ತು. ಬಾಯಲ್ಲಿ ಬಾರದ್ದು ಗಂಡನ ಹೆಸರೊಂದೇ. ಪಕ್ಕದ ಬುಟ್ಟಿಯ ಹುಡುಗಿಯರು ಹೇಗಾದರೂ ಹೇಳಿಸಲು ನೋಡಿ ಸೋತಿದ್ದರು. "ನನ್ ಗಂಡ ಎಂತ ಮೀನಾ, ಕೂಗಿ ಮಾರ್ಲಿಕ್ಕೆ?" ಅಂತ ಅವಳು ತಿರುಗಿ ಕೇಳುತ್ತಿದ್ದಳು. ಈಗ ಆ ಗಂಟಲಿನಿಂದ ಬರುವುದು ಪಿಸುಮಾತು ಮಾತ್ರ.

ಏಳುವ ಹೊತ್ತಿಗೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು.

"ಪುಡಿ, ಟಾನಿಕ್, ವಿಟಮಿನ್ ಗುಳಿಗೆ, ಯಾವುದೂ ಕೂಡದು ಅಂತ ಮೊದಲ ದಿನವೇ ನಮ್ಮ ಜೂನಿಯರ್ ಡಾಕ್ಟರು ಹೇಳಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಇಂಗ್ಲಿಷ್ ಬಲ್ಲವರು ನಿಮ್ಮ ಜೊತೆ ಇದ್ದರಂತಲ್ಲ?"

ಇದ್ದ. ಗುರುದತ್ತ ಇದ್ದ. ಅಕ್ಕಂದಿರಿಬ್ಬರ ಒಬ್ಬನೇ ತಮ್ಮ.

ವನಮಾಲಾಳಿಗೆ ಆ ದಿನ ಕಣ್ಣಿಗೆ ಕಟ್ಟಿದಂತಿತ್ತು. ಕನ್ನಡಕದ ಹುಡುಗ ಡಾಕ್ಟರು ಒಂದೊಂದೇ ಬೆರಳು ಮಡಿಸುತ್ತ ಎಷ್ಟೋ ಹೊತ್ತು ಇಂಗ್ಲಿಷಿನಲ್ಲಿ ಹೇಳಿದ್ದ. ಗುರು ತಲೆಯಾಡಿಸುತ್ತ ಕೇಳಿದ್ದ. ಕಡೆಗೆ ಅಕ್ಕನ ಕಡೆ ತಿರುಗಿ, ಚೆನ್ನಾಗಿ ಊಟ ಮಾಡಬೇಕಂತೆ, ಎಲೆಯ ಜೊತೆ ಹೊಗೆಸೊಪ್ಪು ಹಾಕುವುದು ಬಿಡಬೇಕಂತೆ ಅಂದಿದ್ದ.

"ಅಷ್ಟು ಹೊತ್ತು ಮಾತಾಡಿ ಇಷ್ಟೇಯಾ?" ಕಮಲಿ ಪಿಸುಗುಟ್ಟಿ ನಕ್ಕಿದ್ದಳು. "ಇಂಗ್ಲಿಷು ಬಾಳ ದುಂದಿನ ಭಾಷೆ ಮಾರಾಯ."

ಎಲ್ಲರೂ ನಕ್ಕಿದ್ದರು. ಗುರುವೂ ನಕ್ಕಿದ್ದ.

ರಮಾನಂದನನ್ನು ಅಕ್ಕನ ಹತ್ತಿರ ಬಿಟ್ಟು ವನಮಾಲಾ ಉತ್ತರದ ಬಸ್ಸು ಹಿಡಿದಳು. ತಮ್ಮನ ಅಂಗಡಿ ಹೊನ್ನಾವರದಲ್ಲಿದ್ದರೂ ಅಲ್ಲಿ ಇಳಿಯಲಿಲ್ಲ. ಮೊದಲು ಕುಮಟೆಗೆ ಹೋಗಬೇಕಿತ್ತು. ತಮ್ಮನ ಮುಂದೆ ನಿಲ್ಲುವ ಮೊದಲು ಇದು ಸುಳ್ಳಾಗಲಿ ಅನ್ನುವ ಆಸೆಯೂ ಒಳಗೆಲ್ಲೋ ಇತ್ತು.

ಅಂಕಿತಾಳ ತಾಯಿ ಚಾ ಕೊಡಲಿಲ್ಲ. ಕೂರು ಅಂತಲೂ ಅನ್ನಲಿಲ್ಲ. ಅದು ನ್ಯಾಯವೇ ಅಂದುಕೊಂಡು ವನಮಾಲಾ ಜಗಲಿಯ ಕಂಬ ಹಿಡಿದು ನಿಂತಳು. ಅಂಕಿತಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮುಖ ಇಳಿದಿತ್ತು. ಗಂಡ ಸುಮಿತ ಆಳಸಮುದ್ರದ ಬೋಟಿನಲ್ಲಿದ್ದ. ಮನೆಯಲ್ಲಿ ಆದದ್ದು ಅವನಿಗಿನ್ನೂ ತಿಳಿದಿರಲಿಲ್ಲ.

ಕೈಮದ್ದಿನ ಕೂಗೆದ್ದ ಆ ಭಾನುವಾರ ನಡೆದದ್ದನ್ನು ಮೊದಲಿಂದ ಹೇಳು ಅಂತ ವನಮಾಲಾ ಕೇಳಿಕೊಂಡಳು. ಪೊಲೀಸರ ದನಿಯಲ್ಲಿ ಕೇಳಲಿಲ್ಲ.

ಹುಡುಗಿ ಕಲ್ಲು ಆರಿಸುವುದನ್ನು ನಿಲ್ಲಿಸದೆ ಹೇಳಿದಳು. ಎಂದಿನ ಭಾನುವಾರಗಳಂತೆ ಚಿಕ್ಕಮ್ಮ ವನಮಾಲಾಳೇ ಶಿರಾಲಿಗೆ ಬಂದು ವಾರಕ್ಕಾಗುವಷ್ಟು ಮುರುಗಲ ನೀರು ಮಾಡಿಟ್ಟಿದ್ದಳು. ಮೊದಲ ಲೋಟ ಒಯ್ದು ಕೊಟ್ಟವಳು ತಾನು. ಅತ್ತೆ ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಅಡುಗೆಮನೆ ಬಾಗಿಲಿನ ಕಡೆ ಕೈ ತೋರಿಸಿ ಏನೋ ಪಿಸುಗುಟ್ಟಿದಳು. ಜಗಲಿಯಲ್ಲಿದ್ದ ಮಾವ, ಕೇಳಿದ್ರಾ, ಇವಳಿಗೆ ಮದ್ದು ಹಾಕಿದಾರಂತೆ ಅಂತ ಕೂಗೆಬ್ಬಿಸಿದರು. ಓಣಿಯವರೆಲ್ಲ ಬಂದರು. ಎಲ್ಲರ ಕಣ್ಣೂ ಸೊಸೆಯ ಮೇಲೆ ಬಿತ್ತು.

"ಅತ್ತೆ ಹೇಳಿದ್ದು ಹೌದು, ಅಲ್ದಾ? ನಂಗೆ ಮದ್ದು ಹಾಕಿದ್ರು ಅಂತ?"

"ನಂಗೆ ಅನ್ಲಿಲ್ಲ ಚಿಕ್ಕಮ್ಮ." ಅಂಕಿತಾಳ ಕೈ ಆಗ ನಿಂತಿತು. "ಇದ್ರಲ್ಲಿ ಮದ್ದು ಹಾಕಿದ್ರು, ಅಂದ್ರು. ಲೋಟ ತೋರ್ಸಿ."

ವನಮಾಲಾ ಕಂಬ ಬಿಟ್ಟಳು.

ಮದ್ದು ಅಂದರೆ ಔಷಧಿ. ಜ್ವರಕ್ಕೂ ಮದ್ದು, ಗಾಯಕ್ಕೂ ಮದ್ದು. ನೀರಿನ ರುಚಿ ಬೇರೆಯಾಗಿದೆ, ಯಾರೋ ಔಷಧಿ ಬೆರೆಸಿದ್ದಾರೆ ಅಂತ ಕಮಲಿ ನೆಟ್ಟಗೆ ಹೇಳಿದ್ದಳು. ಕೇಳಿದವರ ಕಿವಿಗೆ ಬಿದ್ದದ್ದು ಮಾತ್ರ ಕೈಮದ್ದು. ಅಷ್ಟಲ್ಲದೆ, ಇಷ್ಟು ವಾರ ಕರೆಂಟು ಹಾಯ್ದ ಗಂಟಲಿನವಳಿಗೆ ನೀರಿನ ರುಚಿ ಹೇಗೆ ತಿಳಿಯಿತು ಅಂತ ಒಬ್ಬರಾದರೂ ಕೇಳಬೇಕಿತ್ತಲ್ಲ.

ಅಂದೇ ಯಾಕೆ ಹೇಳಲಿಲ್ಲ ಅಂತ ಕೇಳಿದಳು.

"ಹೇಳಿದ್ರೆ ಯಾರು ನಂಬ್ತಿದ್ರು?" ಅಂಕಿತಾ ಮೊರ ಕೆಳಗಿಟ್ಟಳು. "ಮತ್ತೆ, ಅತ್ತೆ ಕೈ ತೋರ್ಸಿದ್ದೂ ನಂಗಲ್ಲ ಚಿಕ್ಕಮ್ಮ. ಬಾಗಿಲಲ್ಲಿ ನಿಂತಿದ್ದು ನೀವು. ನಿಮ್ಗೆ ತೋರ್ಸಿದ್ರು."

ವಾಪಸು ಬಸ್ಸಿನಲ್ಲಿ ವನಮಾಲಾಳಿಗೆ ಸೀಟು ಸಿಕ್ಕಿತು. ಕೂತ ನೆನಪಿಲ್ಲ. ತನ್ನ ಕೈಯಿಂದ ಹೋದದ್ದೇನು ಅಂತ ಒಂದೊಂದನ್ನೇ ಎತ್ತಿ ಇಟ್ಟಳು. ಮುರುಗಲ ಸಿಪ್ಪೆ ತಾನೇ ಬಿಸಿಲಿಗೆ ಹಾಕಿ ಒಣಗಿಸಿದ್ದು. ಬೆಲ್ಲ ಹಳೆಯ ಅಂಗಡಿಯದು, ತಾನೂ ತಿನ್ನುವಂಥದು. ನೀರು ಬಾವಿಯದು.

ಹೊನ್ನಾವರ ಹತ್ತಿರವಾದಂತೆ ಕಡಲ ಗಾಳಿ ಕಿಟಕಿಯಿಂದ ಮುಖಕ್ಕೆ ಬಡಿಯಿತು. ಗಾಳಿಯಲ್ಲಿ ಉಪ್ಪಿತ್ತು.

ಉಪ್ಪು.

ಸಾದಾ ಉಪ್ಪು ಹಾಕಬೇಡ ಸಣ್ಣಕ್ಕ, ಗಂಟಲು ಉರಿಯುತ್ತದೆ, ಇದು ಸೈಂಧವ, ಅವಳಿಗಂತಲೇ ಒಳ್ಳೆಯದು ತರಿಸಿದ್ದೇನೆ ಅಂತ ಗುರು ಒಂದು ಗಾಜಿನ ಬಾಟಲಿ ಕೊಟ್ಟಿದ್ದ. ತೆಳು ಗುಲಾಬಿ ಬಣ್ಣದ ಪುಡಿ. ಅಕ್ಕನ ಮೇಲೆ ಎಷ್ಟು ಅಕ್ಕರೆ ಇವ್ನಿಗೆ ಅಂದುಕೊಂಡು ಅವಳು ಪ್ರತಿ ಸಲ ಚಮಚ ತುಂಬಿ ಹಾಕಿ ಕಲಕಿದ್ದಳು.

ಹೊನ್ನಾವರದಲ್ಲಿ ಇಳಿದು ಮೊದಲು ಮನೆಗೆ ಹೋದಳು. ಪ್ರತಿ ಭಾನುವಾರ ಶಿರಾಲಿಗೆ ಒಯ್ದು ತರುತ್ತಿದ್ದ ಆ ಬಾಟಲಿಯನ್ನು ಅಡುಗೆಮನೆ ಕಪಾಟಿನಿಂದ ತೆಗೆದು, ಬೆರಳು ಅದ್ದಿ ನಾಲಗೆಗೆ ಇಟ್ಟಳು. ಉಪ್ಪು. ತುಸು ಹೊತ್ತಿನ ಮೇಲೆ ನಾಲಗೆಯ ಅಂಚಿಗೆ ಚುರ್ರೆನ್ನುವ ಹುಳಿ. ಅದರ ಹಿಂದೆ ಔಷಧಿ ಅಂಗಡಿಯ ವಾಸನೆ. ಮುರುಗಲ ಹುಳಿಯಲ್ಲಿ ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಮತ್ತೊಂದಿರಲಿಲ್ಲ. ಅಷ್ಟನ್ನೂ ಕಮಲಿ ಒಂದೇ ಗುಟುಕಿನಲ್ಲಿ ಹಿಡಿದಿದ್ದಳು.

ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಮ್ಮನ ಅಂಗಡಿಗೆ ನಡೆದಳು.

ಗುರುವಿನ ಮೆಡಿಕಲ್ ಶಾಪು ಈಚೆಗೆ ಅಗಲವಾಗಿತ್ತು. ಪಕ್ಕದ ಬಾಗಿಲನ್ನೂ ಹಿಡಿದು, ಬಣ್ಣ ಬಳಿದು, ಡಬ್ಬಗಳನ್ನು ಗೋಪುರದ ಹಾಗೆ ಪೇರಿಸಿಟ್ಟಿದ್ದ. ಕಮಲಿ ಬುಟ್ಟಿ ಹೊತ್ತು ಓದಿಸಿದ ಹುಡುಗ. ಅವನ ಕಾಲೇಜಿನ ದಿನಗಳಲ್ಲಿ ಅಂಗಿಗೆ ಮೀನಿನ ವಾಸನೆ ಹತ್ತಬಾರದೆಂದು ಅವಳು ತನ್ನ ಸೀರೆಗಳನ್ನು ಮನೆಯ ಹೊರಗೆ ಕಟ್ಟಿದ ಹಗ್ಗದ ಮೇಲೇ ಇಡುತ್ತಿದ್ದಳು.

ಮಧ್ಯಾಹ್ನದ ಹೊತ್ತು. ಗಿರಾಕಿ ಇರಲಿಲ್ಲ. ಬಾ ಸಣ್ಣಕ್ಕ, ಊಟ ಆಯ್ತಾ ಅಂತ ಗುರು ಎದ್ದ. ವನಮಾಲಾಳ ಕಣ್ಣು ಡಬ್ಬಗಳ ಮೇಲಿನ ಗೋಡೆಗೆ ಹೋಗಿತ್ತು.

ಅಲ್ಲೊಂದು ದೊಡ್ಡ ಬಣ್ಣದ ಚಿತ್ರ. ಒಬ್ಬ ಹೆಂಗಸಿನ ಕುತ್ತಿಗೆ. ಮುಖ ಕತ್ತರಿಸಿ ತೆಗೆದಿದ್ದರು. ಕೆಳಗೆ, 'ಕಿರಣ ಚಿಕಿತ್ಸೆಯ ನಡುವೆಯೂ ಕಾಂತಿಯುತ ಚರ್ಮ' ಅಂತ ಬರೆದು ಡಬ್ಬದ ಚಿತ್ರ ಹಾಕಿದ್ದರು. ಚಿತ್ರದ ಅಂಚಿನಲ್ಲಿ ಸೆರಗು ಸರಿಸಿ ಹಿಡಿದ ಎರಡು ಬೆರಳು. ಒಂದರಲ್ಲಿ ಹವಳದ ಉಂಗುರ.

ವನಮಾಲಾ ತನ್ನ ಬೆರಳು ನೋಡಿಕೊಂಡಳು. ಅದೇ ಉಂಗುರ. ನೋಡು, ಹೂವಿನ ಹಾಗಿದೆ ಅಂತ ಖುಷಿಯಿಂದ ತಾನೇ ತೆಗೆದು ತಮ್ಮನಿಗೆ ಕಳಿಸಿದ ಫೋಟೋ ಅದು.

"ಯಾರ ಕುತ್ತಿಗೆ ಇದು?"

ಗುರು ಗೋಡೆ ನೋಡಲಿಲ್ಲ. "ಮುಖ ಇಲ್ಲಲ್ಲ ಸಣ್ಣಕ್ಕ. ಯಾರಿಗೂ ಗೊತ್ತಾಗೂದಿಲ್ಲ."

"ನಂಗೆ ಗೊತ್ತಾತು."

ಸೆರಗಿನಿಂದ ಬಾಟಲಿ ತೆಗೆದು ಗಾಜಿನ ಮೇಜಿನ ಮೇಲಿಟ್ಟಳು. ಅವನು ಅದನ್ನು ನೋಡಿದ ರೀತಿಯಲ್ಲೇ ಉತ್ತರ ಸಿಕ್ಕಿತ್ತು. ಆದರೂ ಕೇಳಿದಳು. ಕೇಳದೆ ಬಿಟ್ಟರೆ ಮುಂದೆ ಎಂದಾದರೂ, ಇಲ್ಲ, ಅವನಲ್ಲ ಅಂತ ಮನಸ್ಸಿಗೆ ಸುಳ್ಳು ಹೇಳಿಕೊಂಡೇನು ಅನ್ನುವ ಭಯ ಅವಳಿಗಿತ್ತು.

"ಸೈಂಧವದ ಜೊತೆಗೆ ಎಂತ ಬೆರ್ಸಿದೆ?"

ಗುರು ಹಿಂದಿನ ಡಬ್ಬಗಳ ಕಡೆ ಗಲ್ಲ ತಿರುಗಿಸಿದ. ಆಮೇಲೆ ಕೂತ. ಮೆಲ್ಲಗೆ, ತಾನು ತಪ್ಪು ಮಾಡಿದ್ದಲ್ಲ ಅನ್ನುವವನ ಹಾಗೆ ಹೇಳಿದ. ಕರೆಂಟು ಹಿಡಿಸಿಕೊಂಡು ಬಂದವರು ದಿನಾ ಅಂಗಡಿಗೆ ಬರುತ್ತಾರೆ. ಕುತ್ತಿಗೆಯ ಚರ್ಮ ಬಾಳೆಲೆ ಬಾಡಿದಂತೆ ಸುಲಿದಿರುತ್ತದೆ. ದೊಡ್ಡಕ್ಕನಿಗೆ ಹಾಗಾಗುವುದನ್ನು ನೋಡಲಾರದೆ ಹೋದೆ. ಹೇಳಿ ಕೊಟ್ಟರೆ ಅವಳು ಮುಟ್ಟುವವಳಲ್ಲ. ಅದಕ್ಕೆ ಉಪ್ಪಿನ ದಾರಿ ಹಿಡಿದೆ.

"ನೋಡ್ಲಿಕ್ಕಾಗ್ದೆ ಕೊಟ್ಟವ ಗೋಡೆ ಮೇಲೆ ಎಂತಕ್ಕೆ ಹಾಕಿದೆ?"

ಗುರು ಮೇಜಿನ ಮೇಲಿದ್ದ ಬಿಲ್ಲು ಪುಸ್ತಕವನ್ನು ಆಚೆ ಸರಿಸಿದ.

"ಬೇಡ ಅಂತ ಆ ಹುಡುಗ ಡಾಕ್ಟ್ರು ಹೇಳಿದ್ದು ನಿಂಗೆ ತಿಳ್ದಿತ್ತು."

"ಅವ್ರೆಲ್ಲ ಹಾಗೆ ಹೇಳ್ತ್ರು. ಇದ್ರಿಂದ್ಲೇ ಗಡ್ಡೆ ಉಳೀತದೆ ಅಂತ ಅವ್ರಿಗೂ ಖಾತ್ರಿ ಇಲ್ಲ ಸಣ್ಣಕ್ಕ. ಕೇಳಿ ನೋಡು."

"ಕೇಳೇ ಬಂದೆ. ಖಾತ್ರಿ ಇಲ್ಲ ಅಂದ್ರು." ವನಮಾಲಾಳ ದನಿ ಏರಲಿಲ್ಲ. "ಖಾತ್ರಿ ಇಲ್ದಿದ್ದಕ್ಕೆ ಬೇರೆಯವ್ರ ಗಂಟಲು ಹುಡ್ಕಬೇಕಿತ್ತು. ಅವಳದ್ದೇ ಬೇಕಿತ್ತಾ? ನನ್ ಕೈಯೇ ಬೇಕಿತ್ತಾ?"

ಅವನು ತಲೆ ತಗ್ಗಿಸಿದ. ಅಷ್ಟು ದೊಡ್ಡವನಾದರೂ ತಪ್ಪು ಸಿಕ್ಕಿಬಿದ್ದಾಗ ಬಲಗಿವಿ ಹಿಡಿದುಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಅದನ್ನು ಕಂಡು ವನಮಾಲಾಳಿಗೆ ಅಳು ಬಂತು. ಬಂದ ಅಳುವನ್ನು ಅಲ್ಲೇ ನುಂಗಿದಳು.

ಒಂದು ಡಬ್ಬ ಕೊಡು, ಈಗಲೇ ಆಸ್ಪತ್ರೆಗೆ ಒಯ್ಯುತ್ತೇನೆ, ಒಳಗೆ ಏನೇನಿದೆ ಅಂತ ಡಾಕ್ಟರಮ್ಮನಿಗೆ ನೀನೇ ಬಂದು ಹೇಳು ಅಂದಳು. ಗುರು ಎದ್ದು ಡಬ್ಬ ತೆಗೆದುಕೊಟ್ಟ. ಕೊಟ್ಟ ಮೇಲೂ ಕೈ ಬಿಡದೆ ನಿಂತ.

"ದೊಡ್ಡಕ್ಕಂಗೆ ಗೊತ್ತು," ಅಂದ.

ವನಮಾಲಾ ಅವನನ್ನೇ ನೋಡಿದಳು.

ರುಚಿ ತಿಳಿದ ಆ ದಿನವೇ ಅವಳಿಂದ ಫೋನು ಬಂದಿತ್ತಂತೆ. ಉಪ್ಪು ಕೊಟ್ಟವ ನೀನಲ್ಲವಾ, ಎಂತ ಬೆರೆಸಿದೆ ಅಂತ ಕೇಳಿದಳಂತೆ. ಸುಡದಿರಲಿ ಅಂತ ಹಾಕಿದೆ ಅಂದನಂತೆ. ಅಷ್ಟಕ್ಕೇ ಅವಳು ಸುಮ್ಮನಾದಳಂತೆ.

"ಡಾಕ್ಟ್ರು ಬೇಡ ಅಂದಿದ್ದು ಹೇಳಿದ್ಯಾ ಅವಳಿಗೆ?"

ಗುರು ಬಲಗಿವಿ ಹಿಡಿದುಕೊಂಡ.

ಅಷ್ಟರಲ್ಲಿ ಗಾಜಿನ ಮೇಜಿನ ಮೇಲಿದ್ದ ಅವನ ಫೋನು ಗುಂಯ್ ಅಂದಿತು. 'ದೊಡ್ಡಕ್ಕ' ಅಂತ ಹೆಸರು ಬೆಳಗಿತು. ಬರೆಯಲು ಬಾರದ ಕಮಲಿ ಹೇಳುವುದನ್ನೆಲ್ಲ ದನಿಯಲ್ಲೇ ತುಂಬಿ ಕಳಿಸುತ್ತಿದ್ದಳು. ಗುರುವಿನ ಕೈ ಮುಂದೆ ಬಂತು. ವನಮಾಲಾಳ ಕೈ ಅದಕ್ಕಿಂತ ಮುಂದೆ ಬಂದಿತ್ತು.

ಒತ್ತಿದಳು. ಖಾಲಿ ಅಂಗಡಿಯಲ್ಲಿ ಅಕ್ಕನ ಪಿಸುಮಾತು ಹರಡಿತು.

"ಗುರು, ಡಾಕ್ಟ್ರಮ್ಮ ಇವತ್ತು ಕುತ್ತಿಗೆ ಒತ್ತಿ ಒತ್ತಿ ನೋಡಿದ್ರು. ಸಂಶಯ ಬಂದದೆ. ವನಮಾಲೆ ಕೇಳ್ಕೊಂಡ್ ಬಂದ್ರೆ ಬಾಯಿ ಬಿಡ್ಬೇಡ. ನಿನ್ ಅಂಗಡಿಗೆ ಎಂತದೂ ಆಗ್ಬಾರ್ದು. ಅಂಕಿತಾ ಸದ್ಯ ಅಲ್ಲೇ ಇರ್ಲಿ. ಎಲ್ಲ ಮುಗ್ದ್ ಮೇಲೆ ನಾನೇ ಹೋಗಿ ಕರ್ಕಂಡ್ ಬತ್ತೆ."

ಕೈಮದ್ದಲ್ಲ ಅಂತ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಸೊಸೆ ಟ್ರಂಕು ಹಿಡಿದು ಮೆಟ್ಟಿಲು ಇಳಿಯುವಾಗ ಸುಮ್ಮನೆ ಮಲಗಿದ್ದಳು. ಗೊತ್ತಿದ್ದೂ ಕಾಯ್ಕಿಣಿಗೆ ಹೋಗಿ, ಕೊಟ್ಟ ಕಷಾಯ ಕುಡಿದು, ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡಳು. ಎಲ್ಲ ಈ ತಮ್ಮನ ಹೆಸರು ಹೊರಗೆ ಬಾರದಿರಲಿ ಅಂತ. ಅವನು ಅವಳ ಕುತ್ತಿಗೆಯನ್ನು ಗೋಡೆಗೆ ಹಚ್ಚಿದ್ದ. ಅವರಿಬ್ಬರ ನಡುವೆ ಚಮಚ ಹಿಡಿದು ಕಲಕಿದವಳು ತಾನು. ತನಗೊಬ್ಬಳಿಗೇ ಏನೂ ಗೊತ್ತಿರಲಿಲ್ಲ.

ಮಾತು ಮುಗಿಯಿತು ಅಂದುಕೊಂಡಿದ್ದರು. ಮುಗಿದಿರಲಿಲ್ಲ. ಒಂದು ಕೆಮ್ಮು, ನೀರು ಗುಟುಕರಿಸಿದ ಸದ್ದು, ಮತ್ತೆ ಪಿಸುಮಾತು.

"ಮತ್ತೆ, ನೀ ಕಳ್ಸಿದ್ ಹೊಸ ಪುಡಿ ಸಿಕ್ತು. ನಿನ್ನೆ ಅವ್ರು ತಂದ್ಕೊಟ್ರು. ಇದು ಮೊದ್ಲಿನ ಹಂಗಲ್ಲ ಮಾರಾಯ, ಬಾಳ ಕಹಿ. ನೀ ಕೊಟ್ಟಿದ್ದು ಅಂತ ಕಣ್ಮುಚ್ಚಿ ಕುಡಿತೆ."

ಗುರುವಿನ ಮುಖದ ಬಣ್ಣ ಇಳಿಯಿತು.

"ನಾ ಯಾವ ಪುಡಿಯೂ ಕಳ್ಸಿಲ್ಲ."

ವನಮಾಲಾ ಸುಳ್ಳನ್ನು ಹುಡುಕಿ ಅವನ ಕಣ್ಣು ನೋಡಿದಳು. ಈ ಸಲ ಸುಳ್ಳು ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು.

"ದೇವ್ರಾಣೆ ಸಣ್ಣಕ್ಕ. ನಂದೆಲ್ಲ ನಿನ್ ಬಾಟ್ಲಿಯಲ್ಲೇ ಹೋದದ್ದು. ಕಹಿ ಇರೂದು ನನ್ ಅಂಗಡಿಯಲ್ಲೇ ಇಲ್ಲ. ಅವ್ರು ಅಂದ್ರೆ ಯಾರು? ಆಸ್ಪತ್ರೆಯವ್ರಾ? ಹೆಸ್ರಾದ್ರೂ ಹೇಳ್ಬಾರ್ದಿತ್ತಾ ಅವ್ಳು?"

ಗಿರಾಕಿಯ ನಾಯಿಯ ಹೆಸರನ್ನೂ ನೆನಪಿಟ್ಟು ಕೂಗುವ ಕಮಲಿ ಹೆಸರು ಹಿಡಿಯದೆ ಬಿಡುವ ಮನುಷ್ಯ ಈ ಲೋಕದಲ್ಲಿ ಒಬ್ಬನೇ. 'ಇದ್ರಲ್ಲಿ' ಅಂದದ್ದು 'ನಂಗೆ' ಅಂತ ಕೇಳಿಸಿದ್ದು ಅವನೊಬ್ಬನ ಕಿವಿಗೆ. ಕಮಲಿ ಗುರುವಿಗೆ ಫೋನು ಮಾಡಿದಾಗ ಮನೆಯಲ್ಲಿದ್ದವನೂ, ಅಂಕಿತಾಳನ್ನು ಮನೆಯಿಂದ ಹೊರಗೆ ಹಾಕಿದವನೂ ಅವನೇ. ಪೂರ್ತಿ ಹೋಗ್ತದಾ ಅಂತ ಅವನು ಇವತ್ತು ಎರಡು ಸಲ ಕೇಳಿದ್ದ. ಅದನ್ನು ದುಃಖ ಅಂದುಕೊಂಡು ತಾನು ಪಾಪ ಅಂದಿದ್ದಳು.

ಕಮಲಿಯ ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಆ ಕಡೆ ಎತ್ತಿದ್ದು ರಮಾನಂದ.

ಅಕ್ಕ ಎಂತ ಮಾಡ್ತಿದ್ದಾಳೆ ಅಂತ, ಎಂದಿನ ದನಿಯನ್ನೇ ತಂದುಕೊಂಡು ಕೇಳಿದಳು.

"ಇಲ್ಲೇ ಇದ್ದಾಳೆ," ಅಂದ ರಮಾನಂದ. ಹಿಂದೆ ಲೋಟದಲ್ಲಿ ಚಮಚ ಆಡಿಸುವ ಸದ್ದು ಕೇಳುತ್ತಿತ್ತು. "ಮದ್ದು ಹಾಕಿ ಕೊಡ್ತಿದ್ದೆ."